ತಂಬಿಗೆ ನನ್ನ ಕೈಯಲ್ಲಿತ್ತು

ನನ್ನ ಸೊಸೆ ಊಟಕ್ಕೆ ಬಡಿಸುವ ಮೊದಲು ಎಲ್ಲರ ತಾಟಿನ ಬಲಕ್ಕೆ ಒಂದೊಂದು ಗ್ಲಾಸು ನೀರು ಇಡುತ್ತಾಳೆ. ಹತ್ತು ವರ್ಷದಿಂದ ನಾನು ನನ್ನ ಗ್ಲಾಸನ್ನು ಮೇಜಿನ ಆಚೆ ತುದಿಗೆ ಸರಿಸುತ್ತ ಬಂದಿದ್ದೇನೆ. ಹತ್ತು ವರ್ಷದಿಂದ ಅವಳು ಮರುದಿನ ಮತ್ತೆ ಇಡುತ್ತ ಬಂದಿದ್ದಾಳೆ. ಇದರ ಬಗ್ಗೆ ಇಬ್ಬರಿಗೂ ಸಿಟ್ಟಿಲ್ಲ. ಮದುವೆಯಾಗಿ ವಿಜಯಪುರದ ಈ ಮನೆಗೆ ಬಂದ ಹೊಸತರಲ್ಲಿ ಅವಳು ಕಾರಣ ಕೇಳುತ್ತಿದ್ದಳು. ನಾನು ರೂಢಿ ಅಂದೆ. ಆಮೇಲೆ ಫೋನಿನಲ್ಲಿ ಏನೇನೋ ಓದಿ, ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳತೊಡಗಿದಳು. ಮೊನ್ನೆಯೂ ಹೇಳಿದಳು.

"ಅತ್ತೀ, ಊಟದಾಗ ನೀರ ಕುಡದ್ರ ಪಚನ ಆಗಂಗಿಲ್ಲ ಅನ್ನೂದು ಸುಳ್ಳಂತ್ರಿ. ಹೊಟ್ಟ್ಯಾಗಿನ ರಸ ಅದರಿಂದೇನ ಕೆಡಂಗಿಲ್ಲಂತ. ಬೇಕನಿಸಿದ್ರ ಕುಡೀಬೇಕು, ಬ್ಯಾಡನಿಸಿದ್ರ ಬಿಡಬೇಕು. ಅಷ್ಟ."

"ಹೌದೇನ?" ಅಂದು ನಾನು ಮಜ್ಜಿಗೆ ಹಾಕಿಸಿಕೊಂಡೆ. ಅವಳು ಹೇಳಿದ್ದು ನಿಜವೇ ಇರಬೇಕು. ಓದಿದ ಹುಡುಗಿ, ಸುಮ್ಮನೆ ಹೇಳುವವಳಲ್ಲ. ನನಗೆ ಬೇಕನಿಸುತ್ತದೆಯೋ ಬೇಡನಿಸುತ್ತದೆಯೋ ಎಂಬುದೇ ಐವತ್ತು ವರ್ಷದಿಂದ ನನಗೆ ಗೊತ್ತಾಗಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು?

ನಾನು ಬೆಳೆದದ್ದು ತಿಕೋಟಾದಲ್ಲಿ, ದ್ರಾಕ್ಷಿ ತೋಟ ಮಾಡುವ ಮನೆಯಲ್ಲಿ. ತಲೆಬಾಗಿಲು ದಾಟಿದರೆ ಎತ್ತು ಆಕಳು ಕಟ್ಟುವ ಜಾಗ, ಅಲ್ಲಿಂದ ಮೊಳದೆತ್ತರ ಮೇಲೆ ಪಡಸಾಲೆ. ಪಡಸಾಲೆಯ ಹಿಂದೆ ಅಡುಗೆಮನೆ. ಹೊಗೆ ಹೋಗಲೆಂದು ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯಿಂದ ಬರುವಷ್ಟೇ ಬೆಳಕು ಅದಕ್ಕೆ. ಗಂಡಸರು ಮಕ್ಕಳು ಪಡಸಾಲೆಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಆಯಿ, ಅಂದರೆ ಅಪ್ಪನ ತಾಯಿ, ಮತ್ತು ನನ್ನ ಅವ್ವ ನಮ್ಮದೆಲ್ಲ ಆದ ಮೇಲೆ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು. ಪಡಸಾಲೆಯ ಗೋಡೆಯ ಗೂಡಿನಲ್ಲಿ ಒಂದು ತಾಮ್ರದ ತಂಬಿಗೆ ಇರುತ್ತಿತ್ತು. ಕೈ ತೊಳೆಯಲು ನೀರು ಕೊಟ್ಟು ಅದನ್ನು ಗೂಡಿಗೆ ಇಟ್ಟರೆಂದರೆ, ಎಲ್ಲರ ಊಟ ಮುಗಿದು, ಅಜ್ಜ ಎಲೆ ಅಡಿಕೆ ಹಾಕಿಕೊಂಡು, ಅದನ್ನು ಸಾವಕಾಶ ಅಗಿದು ಉಗುಳಿ ಬಂದು "ಹೂಂ" ಅನ್ನುವವರೆಗೆ ಅದು ಕೆಳಗಿಳಿಯುತ್ತಿರಲಿಲ್ಲ. ನಡುವೆ ಒಂದು ಗುಟುಕೂ ಇಲ್ಲ. ಜೋಳದ ರೊಟ್ಟಿ ಒಣಗಿ ಕಟಕಟ ಅನ್ನುತ್ತಿದ್ದರೂ ಇಲ್ಲ, ಕೆಂಪು ಖಾರಕ್ಕೆ ಮೂಗು ಕಣ್ಣು ಸೋರುತ್ತಿದ್ದರೂ ಇಲ್ಲ. ಬೇರೆ ಮನೆಗಳಲ್ಲಿ ತಾಟಿನ ಪಕ್ಕದಲ್ಲೇ ನೀರಿಟ್ಟುಕೊಂಡು ಉಣ್ಣುವುದನ್ನು ಕಂಡರೆ ನನಗೆ ಅವರು ಶಿಸ್ತಿಲ್ಲದ ಜನ ಅನಿಸುತ್ತಿತ್ತು.

ವಯಸ್ಸಿನಲ್ಲಿದ್ದಾಗ ಅಜ್ಜನಿಗೆ ಹೊಟ್ಟೆನೋವಿತ್ತಂತೆ. ಕನಮಡಿ ಕಡೆಯ ಒಬ್ಬ ನಾಟಿ ವೈದ್ಯ ಬೇರು ತೇಯ್ದು ಕೊಟ್ಟು, ಊಟದಲ್ಲಿ ನೀರು ಬಿಡು ಅಂದನಂತೆ. ನೋವು ಹೋಯಿತು. ಬೇರಿನಿಂದ ಹೋಯಿತೋ, ನೀರು ಬಿಟ್ಟದ್ದಕ್ಕೆ ಹೋಯಿತೋ, ತಾನಾಗಿಯೇ ಹೋಯಿತೋ ಯಾರು ಬಲ್ಲರು? ಬೇರು ಬಹಳ ಕಹಿಯಿತ್ತು, ಅದಕ್ಕೇ ಇವರು ದೊಡ್ಡಸ್ತಿಕೆಯನ್ನೆಲ್ಲ ನೀರಿಗೆ ಕೊಟ್ಟರು ಎಂದು ಆಯಿ ಬೆನ್ನ ಹಿಂದೆ ನಗುತ್ತಿದ್ದಳು. ಅಜ್ಜ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಓದಿದವರಿಗೆ ಹಾಗನಿಸಬಹುದು. ತೋಟದ ಮೊದಲ ಗೊನೆಯನ್ನು ಅವನು ಸೊಸೆಗೆ ಕಳಿಸುತ್ತಿದ್ದ. ಮನೆಯವರ ಹೊಟ್ಟೆ ಕೆಡಬಾರದೆಂದೇ ಅವನು ನೀರು ತಡೆಯುತ್ತಿದ್ದದ್ದು. ಕೊಯ್ದ ದ್ರಾಕ್ಷಿಯನ್ನು ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಒಣಗಿಸುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳುತ್ತಿದ್ದ.

"ಇದರ ಮ್ಯಾಲ ನಾಕ ಹನಿ ಮಳಿ ಬಿತ್ತಂದ್ರ ಏನ ಆಕ್ಕೈತಿ, ಹೇಳು?"

"ಕರ್ರಗಾಗಿ ಕೊಳೀತಾವ ಅಜ್ಜಾ."

"ಹೊಟ್ಟ್ಯಾಗಿನ ಕೂಳೂ ಹಂಗ. ತನ್ನಷ್ಟಕ್ಕ ತಾ ಆಗೂತನಕ ನೀರ ಮುಟ್ಟಿಸಬಾರ್ದು."

ಮಜ್ಜಿಗೆಯಲ್ಲೂ ನೀರಿರುತ್ತದಲ್ಲ ಎಂದು ಒಮ್ಮೆ ಕೇಳಿದ್ದೆ. ಅದು ಉಣ್ಣುವುದು, ಇದು ಕುಡಿಯುವುದು, ಎರಡೂ ಬೇರೆ ಅಂದ. ನನಗೆ ಅದು ಪೂರ್ತಿ ಸರಿ ಎನಿಸಿತು.

ಏಳನೆಯ ವರ್ಷಕ್ಕೆ ತಂಬಿಗೆ ನನ್ನ ಕೈಗೆ ಬಂತು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ತಂಬಿಗೆ ಕಾಯಬೇಕು. ಸಣ್ಣವರು ಮುಲಾಜು ನೋಡುವುದಿಲ್ಲ ಅಂತ ಅಜ್ಜನ ಲೆಕ್ಕ. ಬೇಗ ಬೇಗ ಉಂಡು, ಗೂಡಿನ ಕೆಳಗೆ ಗೋಡೆಗೆ ಆತು ನಿಲ್ಲುತ್ತಿದ್ದೆ. ಯಾರಾದರೂ ಕೈ ಚಾಚಿದರೆ "ಊಟ ಮುಗೀಲಿ" ಅನ್ನಬೇಕು. ಅಷ್ಟೇ ನನ್ನ ಮಾತು. ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹೊಸದಾಗಿ ಮದುವೆಯಾಗಿ ಅವಳ ಗಂಡ ಮೊದಲ ಸಲ ಹೋಳಿಗೆ ಊಟಕ್ಕೆ ಬಂದಾಗ ಅವರಿಗೆ ಬಿಕ್ಕಳಿಕೆ ಹತ್ತಿತು. ಹೊಸ ಅಳಿಯ, ಮೈಮೇಲೆ ಹೊಸ ಅಂಗಿ, ಮುಖ ಕೆಂಪಗಾಗಿದೆ. ನನ್ನ ಕಡೆ ಕೈ ಚಾಚಿದರು. ನಾನು ಅಜ್ಜನ ಮುಖ ನೋಡಿದೆ. ಅಜ್ಜ ಮೀಸೆಯೊಳಗೇ ನಗುತ್ತ ತಾಟು ನೋಡುತ್ತಿದ್ದ.

"ಊಟ ಮುಗೀಲ್ರಿ ಮಾಮಾ," ಅಂದೆ.

ಪಡಸಾಲೆ ಪೂರ್ತಿ ನಕ್ಕಿತು. ಪಾಪ, ಆ ಮನುಷ್ಯ ಬಿಕ್ಕುತ್ತಲೇ ಮೂರು ಹೋಳಿಗೆ ಮುಗಿಸಿದರು. ಅಜ್ಜ ನನ್ನ ಲಂಗದ ಉಡಿಯಲ್ಲಿ ಒಂದು ಬೊಗಸೆ ಒಣದ್ರಾಕ್ಷಿ ಹಾಕಿದ. ಆ ದಿನದ ಜಂಬ ನನಗೆ ಇನ್ನೂ ನೆನಪಿದೆ. ಮರೆತಿದ್ದರೆ ಚೆನ್ನಾಗಿತ್ತು.

ಅವ್ವ ಜೈನಾಪುರದವಳು. ಎತ್ತರದ ಹೆಂಗಸು, ಕೆಲಸದಲ್ಲಿ ಚುರುಕು. ಅವಳು ರೊಟ್ಟಿ ಬಡಿಯುವ ಸಪ್ಪಳ ದನ ಕಟ್ಟುವಲ್ಲಿಗೂ ಕೇಳುತ್ತಿತ್ತು. ಊಟವೂ ಹಾಗೇ, ಕೂತಳೋ ಎದ್ದಳೋ ತಿಳಿಯುತ್ತಿರಲಿಲ್ಲ. ನನಗೆ ಹತ್ತು ವರ್ಷವಾದ ಚಳಿಗಾಲದಲ್ಲಿ ಅದು ಬದಲಾಯಿತು. ಆಯಿ ಉಂಡು ಕೈ ತೊಳೆದರೂ ಅವ್ವ ಇನ್ನೂ ತಾಟಿನ ಮುಂದೆ ಕೂತಿರುತ್ತಿದ್ದಳು. ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ಹಾಕಿ, ಅದು ಅರಳಿ ಮೆತ್ತಗಾಗುವವರೆಗೆ ಕಾಯುತ್ತಿದ್ದಳು. ಹಲ್ಲು ನೋಯುತ್ತವೇನು ಎಂದು ಆಯಿ ಕೇಳಿದರೆ ಹೂಂ, ದವಡೆ ಹಲ್ಲು ಅನ್ನುತ್ತಿದ್ದಳು. ಎದೆಯಲ್ಲಿ ಹಿಡಿದ ಹಾಗಾಗುತ್ತದೆ ಎಂದೂ ಒಂದೆರಡು ಸಲ ಅಂದಳು. ಸಾರು ದಿನದಿಂದ ದಿನಕ್ಕೆ ತೆಳ್ಳಗಾಯಿತು. ಇದೇನು ಸಾರೋ ಬಚ್ಚಲ ನೀರೋ ಎಂದು ಅಪ್ಪ ಒಂದು ದಿನ ತಾಟು ಸರಿಸಿ ಎದ್ದುಹೋದ. ಅವ್ವ ಮರುದಿನ ಎರಡು ಸಾರು ಮಾಡಿದಳು, ಗಟ್ಟಿ ಒಂದು, ತೆಳ್ಳನೆಯದು ಒಂದು.

ಒಂದು ಮಧ್ಯಾಹ್ನ ತಂಬಿಗೆ ತುಂಬಿಕೊಳ್ಳಲು ನಾನು ಅಡುಗೆಮನೆಗೆ ಹೋದೆ. ಆಯಿ ಹಿತ್ತಿಲಲ್ಲಿದ್ದಳು. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಳು. ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಚಿಕ್ಕ ಚರಗಿ ತೆಗೆದು, ಬಾಯಿಗೆ ನೀರು ಸುರಿದುಕೊಂಡು, ಎದೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಕಾದಳು. ಇಳಿಯಿತು ಅಂತ ಕಾಣುತ್ತದೆ, ಉಸಿರು ಬಿಟ್ಟಳು. ಮತ್ತೊಂದು ತುತ್ತು, ಮತ್ತೆ ಚರಗಿ. ಹೊರಳಿ ನೋಡಿದಾಗ ನಾನು ನಿಂತಿದ್ದೆ.

"ಯಾರ ಮುಂದೂ ಹೇಳಬ್ಯಾಡಬೇ ಯವ್ವಾ," ಅಂದಳು.

ನಾನು ಹೂಂ ಅಂದೆ. ಅಜ್ಜನಿಗೆ ಒಂದು ಚೇಷ್ಟೆಯಿತ್ತು. ಊಟಕ್ಕೆ ಕೂತಾಗ ದಿನಾ ನನ್ನನ್ನು ಕೇಳುವುದು: "ಏನ್ರಿ ಸಾವ್ಕಾರ್ತಿ, ನಿಮ್ಮ ರಾಜ್ಯದಾಗ ಯಾರರೆ ಕಳ್ಳತನದಿಂದ ನೀರ ಕುಡದಾರೇನ್ರಿ?" ದಿನಾ ನಾನು ಇಲ್ಲ ಅನ್ನುವುದು, ಅವನು ನಗುವುದು. ಮರುದಿನ ಕೇಳಿದಾಗ ನನ್ನ ಬಾಯಿಂದ "ಅವ್ವ ಕುಡದಾಳ" ಎಂದು ಬಂತು. ಶಾಲೆಯಲ್ಲಿ ಉತ್ತರ ಗೊತ್ತಿದ್ದರೆ ಕೈ ತಾನೇ ಮೇಲೇಳುತ್ತದಲ್ಲ, ಹಾಗೆ. ಅವ್ವನ ಮೇಲೆ ಸಿಟ್ಟಿರಲಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದರೂ ಬೇರೆ ಕಾರಣ ಸಿಗುವುದಿಲ್ಲ. ಮೂರು ವರ್ಷದಿಂದ ಇಲ್ಲ ಇಲ್ಲ ಅಂದು ಸಾಕಾಗಿತ್ತು, ಒಂದು ಸಲ ಹೌದು ಅನ್ನಲು ಅವಕಾಶ ಸಿಕ್ಕಿತ್ತು.

ಅಜ್ಜ ಬೈಯಲಿಲ್ಲ. ಸೊಸೆಯ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲವಾದ್ದರಿಂದ ಅಡುಗೆಮನೆಯ ಕಡೆ ಮುಖ ಮಾಡಿ ಆಯಿಗೆ ಹೇಳಿದ.

"ಆಕಿಗಿ ತಿಳಿಸಿ ಹೇಳು. ಎದ್ಯಾಗ ಹಿಡದಂಗ ಆಗತೈತಿ ಅಂತಾಳಲ್ಲ, ಅದು ಇದಕ್ಕ. ನೀರ ಬಿಡಲಿ, ಹದಿನೈದ ದಿನದಾಗ ಆರಾಮ ಆಗ್ತಾಳ."

ಚರಗಿ ಹಿಟ್ಟಿನ ಡಬ್ಬಿಯ ಹಿಂದಿನಿಂದ ಹೋಯಿತು. ಅಂದಿನಿಂದ ಆಯಿ, ತನ್ನದು ಮುಗಿದರೂ, ಅವ್ವನ ಊಟ ಆಗುವವರೆಗೆ ಎದುರಿಗೇ ಕೂತಿರುತ್ತಿದ್ದಳು. ಅದೂ ಕಾಳಜಿಯಿಂದಲೇ. ಅವ್ವ ನನಗೆ ಆಗಲೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಸಂಜೆ ಎಂದಿನ ಹಾಗೆ ಎಣ್ಣೆ ಹಚ್ಚಿ ನನ್ನ ತಲೆ ಬಾಚಿದಳು. ಹೆಣಲು ಎಂದಿನಷ್ಟೇ ಬಿಗಿಯಿತ್ತು. ನೀರು ಬಿಟ್ಟ ಮೇಲೆ ಅವಳು ರೊಟ್ಟಿಯನ್ನೂ ಬಿಡತೊಡಗಿದಳು. ಹಸಿವಿಲ್ಲ ಅನ್ನುವಳು. ಅರ್ಧ ರೊಟ್ಟಿಯನ್ನು ಸೆರಗಿನಲ್ಲಿ ಮುಚ್ಚಿ ನನ್ನ ಕೈಗೆ ಕೊಟ್ಟು, ಆಕಳಿಗೆ ಹಾಕು ಅನ್ನುವಳು. ನಾನು ಹಾಕುತ್ತಿದ್ದೆ. ಇದನ್ನು ಮಾತ್ರ ಯಾರ ಮುಂದೂ ಹೇಳಲಿಲ್ಲ. ಹೇಳಬಾರದ್ದನ್ನು ಹೇಳಿದ್ದೆ, ಹೇಳಬೇಕಾದ್ದನ್ನು ಹೇಳಲಿಲ್ಲ. ಅವಳ ಬಳೆ ಮೊಣಕೈತನಕ ಜಾರತೊಡಗಿದವು, ಕುಪ್ಪಸಗಳನ್ನು ಒಂದೊಂದಾಗಿ ಬಿಚ್ಚಿ ಒಳಗೆ ಹಿಡಿದು ಹೊಲಿದುಕೊಂಡಳು.

ಬೇಸಿಗೆಯಲ್ಲಿ ಅಜ್ಜನೇ ಅಪ್ಪನನ್ನು ಎಬ್ಬಿಸಿ, ವಿಜಯಪುರಕ್ಕೆ ತೋರಿಸಲು ಹೊರಡಿಸಿದ. ತಾನೂ ಬಂದ. ಶಾಲೆಗೆ ಸೂಟಿ, ಹಟ ಮಾಡಿ ನಾನೂ ಬಸ್ಸು ಹತ್ತಿದೆ. ದವಾಖಾನೆಯ ಗೋಡೆಯ ಮೇಲೆ ಮನುಷ್ಯನ ಗಂಟಲು, ಅನ್ನನಾಳ, ಹೊಟ್ಟೆಯ ಬಣ್ಣದ ಚಿತ್ರವಿತ್ತು. ನಾನು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಹೊಟ್ಟೆಯ ಒಳಗೆ ಅಜ್ಜನ ದ್ರಾಕ್ಷಿ ಜಾಳಿಗೆಯಂಥದ್ದು ಏನೂ ಕಾಣಲಿಲ್ಲ. ಡಾಕ್ಟರು ಅವ್ವನ ಕಣ್ಣು ನಾಲಿಗೆ ನೋಡಿ ಕೇಳಿದರು.

"ಊಟಾ ಮಾಡೂವಾಗ ತುತ್ತ ಇಳ್ಯಾಕ ನೀರ ಬೇಕಾಗತೈತೇನವಾ?"

ಅವ್ವ ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜ ರುಮಾಲು ಸರಿ ಮಾಡಿಕೊಂಡು ಮುಂದೆ ಬಂದ. ತಮ್ಮ ಮನೆತನದ ಒಳ್ಳೆಯ ಗುಣವೊಂದನ್ನು ದೊಡ್ಡ ಊರಿನ ಡಾಕ್ಟರ ಮುಂದೆ ಹೇಳುವ ಸಂತೋಷ ಅವನ ಮುಖದಲ್ಲಿತ್ತು.

"ನಮ್ಮ ಮನ್ಯಾಗ ಊಟದಾಗ ಯಾರೂ ನೀರ ಕುಡಿಯಂಗಿಲ್ರಿ ಸಾಹೇಬ್ರ. ಹನಿ ಸುದ್ದಾ ಇಲ್ರಿ."

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಹೊರಗೆ ಜನ ಕಿಕ್ಕಿರಿದಿದ್ದರು. ಅವ್ವ ತೆರೆದ ಬಾಯಿ ಮುಚ್ಚಿ ಸೆರಗು ಎಳೆದುಕೊಂಡಳು. ಮಾವ ಅಂದ ಮಾತಿನ ಮೇಲೆ ಮಾತಾಡುವ ಸೊಸೆ ಆಗ ನಮ್ಮ ಕಡೆ ಇರಲಿಲ್ಲ. ಆದರೆ ನಾನು ಸೊಸೆಯಲ್ಲ. ನನಗೆ ಚರಗಿಯೂ ಗೊತ್ತಿತ್ತು, ಆಕಳೂ ಗೊತ್ತಿತ್ತು. ಒಮ್ಮೆ ಹೇಳಿ ಏನಾಯಿತು ಎಂದು ಕಂಡಿದ್ದೆನಾದ್ದರಿಂದ ಸುಮ್ಮನೆ ಕೂತೆ. ಎದೆ ಉರಿಗೆ ಗುಳಿಗೆ, ಶಕ್ತಿಗೆ ಬಾಟಲಿ ಔಷಧ ಕೊಟ್ಟರು. ತಿರುಗಿ ಬರುವಾಗ ಬಸ್ ನಿಲ್ದಾಣದಲ್ಲಿ ಅಜ್ಜ ಬಾಳೆಹಣ್ಣು ಕೊಡಿಸಿದ. ಅವ್ವ ಒಂದನ್ನು ಸುಲಿದು, ತಿಕೋಟಾ ಬರುವತನಕ ಕೈಯಲ್ಲಿ ಹಿಡಿದುಕೊಂಡಿದ್ದು, ಇಳಿಯುವಾಗ ನನಗೆ ಕೊಟ್ಟಳು.

ಪಂಚಮಿಗೆ ಮಾಮಾ, ಅವ್ವನ ತಮ್ಮ, ಜೈನಾಪುರದಿಂದ ಬಂದು ಅವ್ವನನ್ನೂ ನನ್ನನ್ನೂ ಕರೆದೊಯ್ದ. ತವರಿನಲ್ಲಿ ಹಬ್ಬದ ಉಂಡಿ ತಿನ್ನದಿದ್ದರೆ ಆಗುತ್ತದೆಯೇ? ಎಲ್ಲರ ಒತ್ತಾಯಕ್ಕೆ ಶೇಂಗಾದ ಉಂಡಿ ಮುರಿದು ಬಾಯಿಗಿಟ್ಟುಕೊಂಡಳು. ಅದು ಎದೆಯಲ್ಲಿ ನಿಂತಿತು. ಅವಳ ತಾಯಿ ಓಡಿ ನೀರು ಕೊಟ್ಟಳು. ಕುಡಿದ ನೀರು ಬಾಯಿಂದ ಮೂಗಿನಿಂದ ಹೊರಗೆ ಬಂತು. ಅಂಗಳದಲ್ಲಿ ಹೆಣ್ಣುಮಕ್ಕಳ ಜೋಕಾಲಿ ನಡೆದೇ ಇತ್ತು. ಮಾಮಾ ಟೆಂಪೋದಲ್ಲಿ ಬಬಲೇಶ್ವರಕ್ಕೆ ಒಯ್ದ. ಅಲ್ಲಿಂದ ವಿಜಯಪುರದ ದೊಡ್ಡ ದವಾಖಾನೆಗೆ ಕಳಿಸಿದರು. ಮರುದಿನ ಅಜ್ಜ, ಅಪ್ಪ ಬಂದು ಸೇರಿದರು. ಬಾಯಿಂದ ನಳಿಗೆ ಇಳಿಸಿ ನೋಡಿದ ಡಾಕ್ಟರು, ಅನ್ನನಾಳದಲ್ಲಿ ಗಂಟು ಬೆಳೆದಿದೆ, ದಾರಿ ಮುಚ್ಚುತ್ತ ಬಂದಿದೆ ಎಂದು ಹೇಳಿ, ನೀರಿಲ್ಲದೆ ತುತ್ತು ಇಳಿಯದಂತಾಗಿ ಎಷ್ಟು ದಿನವಾಯಿತು ಎಂದು ಕೇಳಿದರು. ಈ ಸಲ ಅಜ್ಜ ಮಾತಾಡಲಿಲ್ಲ.

"ಚಳಿಗಾಲದಿಂದ್ರಿ," ಅಂದೆ ನಾನು. "ಹಿಟ್ಟಿನ ಡಬ್ಬಿ ಹಿಂದ ಚರಗಿ ಇಟಗೊಂಡಿದ್ಳು."

"ಮತ್ತ ಇಷ್ಟ ದಿವ್ಸ ಯಾಕ ಹೇಳಲಿಲ್ಲ?"

ಹಾಸಿಗೆಯ ಮೇಲಿಂದ ಅವ್ವ ಹೇಳಿದಳು, ಗಂಟಲು ಕೆರೆದು, ಒಂದೊಂದೇ ಮಾತಾಗಿ.

"ನಮ್ಮ ಮನ್ಯಾಗ... ಊಟದಾಗ ನೀರ ಕುಡಿಯಂಗಿಲ್ರಿ."

ಅಜ್ಜ ಎದ್ದು ಹೊರಗೆ ಹೋದ.

ಇದನ್ನೂ ಹೇಳಿಬಿಡುತ್ತೇನೆ: ನೀರು ಕುಡಿದದ್ದರಿಂದ ಆ ರೋಗ ಬಂದದ್ದಲ್ಲ, ನೀರು ಬಿಟ್ಟದ್ದರಿಂದಲೂ ಬಂದದ್ದಲ್ಲ. ಡಾಕ್ಟರು ಆಗಲೇ ಹೇಳಿದ್ದರು. ನೀರು ಬೇಕಾಗುವುದು ಅದರ ಗುರುತಾಗಿತ್ತು, ಅಷ್ಟೇ. ಆ ಗುರುತು ಹೊರಗೆ ಕಾಣದ ಹಾಗೆ ನಮ್ಮ ಮನೆ ನೋಡಿಕೊಂಡಿತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಮಾಮಾ ಕೇಳಿದ್ದಕ್ಕೆ ಅವರು, ಉಳಿಯಬಹುದಿತ್ತು, ಹೇಳಲಿಕ್ಕೆ ಬರುವುದಿಲ್ಲ ಅಂದರು. ಆ ಎರಡು ಮಾತಿನಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಅವ್ವನನ್ನು ಮನೆಗೆ ತಂದು ಪಡಸಾಲೆಯಲ್ಲೇ ಮಂಚ ಹಾಕಿದರು. ಮೊದಲು ಗಂಜಿ ಇಳಿಯುತ್ತಿತ್ತು, ಆಮೇಲೆ ಹಾಲು, ಕೊನೆಗೆ ನೀರಷ್ಟೇ. ತಂಬಿಗೆ ನನ್ನ ಕೈಯಲ್ಲೇ ಇತ್ತು. ಈಗ ಅದರ ಕೆಲಸ ದಿನವಿಡೀ. ಚಮಚದಿಂದ ಅವಳ ಬಾಯಿಗೆ ಹಾಕುತ್ತ ಮಂಚದ ಪಕ್ಕದಲ್ಲಿ ಕೂತಿರುತ್ತಿದ್ದೆ. ಅಜ್ಜ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದ. ಒಂದು ಮಧ್ಯಾಹ್ನ ಅವ್ವ ನನ್ನ ಕೈ ಹಿಡಿದು ಚಮಚ ನಿಲ್ಲಿಸಿ ಅಂದಳು:

"ನೀರ ಇಷ್ಟ ರುಚಿ ಇರತೈತಿ ಅಂತ ಗೊತ್ತ ಇರ್ಲಿಲ್ಲ ನೋಡಬೇ."

ಸ್ವಲ್ಪ ನಕ್ಕಳು ಕೂಡ. ಅಜ್ಜನಿಗೆ ಕೇಳಿಸಿತು. ದೀಪಾವಳಿಗೆ ಇನ್ನೂ ಎಂಟು ದಿನವಿರುವಾಗ, ಬೆಳಗಿನ ರೊಟ್ಟಿ ಬಡಿಯುವ ಹೊತ್ತಿಗೆ ಅವಳು ತೀರಿಕೊಂಡಳು. ಎಲ್ಲರೂ ಅತ್ತರು, ಆಯಿ ಎದೆ ಬಡಿದುಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ಕೈ ಮರಗಟ್ಟುತ್ತದಲ್ಲ, ನನ್ನದಲ್ಲ ಅನ್ನುವ ಹಾಗೆ. ಒಳಗೆಲ್ಲ ಹಾಗೇ ಇತ್ತು. ಆಮೇಲಾದರೂ ಬರಬಹುದೆಂದು ಕಾದೆ.

ನಮ್ಮ ಮನೆಯ ನೀರಿನ ನಿಯಮ ಅದಾದ ಎರಡು ದಿನಕ್ಕೆ ಮುಗಿಯಿತು. ಆಯಿ ಎಲ್ಲರ ತಾಟಿನ ಪಕ್ಕ ನೀರಿಡತೊಡಗಿದಳು, ಅಜ್ಜ ಬೇಡ ಅನ್ನಲಿಲ್ಲ. ಅದು ಮುಗಿದದ್ದು ಹೇಗೆ ಎಂಬುದನ್ನು ನಾನು ಮಗನಿಗೂ ಹೇಳಿಲ್ಲ, ಸೊಸೆಗೂ ಹೇಳಿಲ್ಲ.

ಮಣ್ಣು ಕೊಟ್ಟು ಬಂದ ಮರುದಿನ ಮಧ್ಯಾಹ್ನ. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ನೆರೆಯವರು ರೊಟ್ಟಿ ಝುಣಕ ತಂದುಕೊಟ್ಟಿದ್ದರು. ಅಜ್ಜ ಎರಡು ದಿನದಿಂದ ಏನೂ ಮುಟ್ಟಿರಲಿಲ್ಲ. ಆಯಿ ಕೈ ಹಿಡಿದು ತಂದು ಕೂಡಿಸಿದಳು. ಅಪ್ಪ, ಮಾಮಾ ಪಕ್ಕದಲ್ಲಿ ಕೂತರು. ಕೈಗೆ ನೀರು ಹಾಕಿ, ತಂಬಿಗೆ ಹಿಡಿದುಕೊಂಡು ನಾನು ಗೂಡಿನ ಕೆಳಗೆ, ನನ್ನ ಜಾಗದಲ್ಲಿ ನಿಂತೆ. ಅಜ್ಜ ಮೊದಲ ತುತ್ತು ಬಾಯಿಗಿಟ್ಟ. ಅಗಿದ, ಅಗಿದ, ನುಂಗಲಾಗಲಿಲ್ಲ. ಅಂಗೈ ಎದೆಯ ಮೇಲಿಟ್ಟುಕೊಂಡ. ಕಣ್ಣು ಮುಚ್ಚಿದ. ಆಮೇಲೆ ನನ್ನ ಕಡೆ ಕೈ ಚಾಚಿದ.

"ಕಸ್ತೂರಿ, ನೀರ ಕೊಡಬೇ."

ಅಪ್ಪ, ಮಾಮಾ ಕೈ ನಿಲ್ಲಿಸಿದರು. ಆ ಪಡಸಾಲೆಯಲ್ಲಿ ಅಜ್ಜ ಊಟದ ನಡುವೆ ನೀರು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ತಂಬಿಗೆ ತುಂಬಿತ್ತು. ಎರಡು ಹೆಜ್ಜೆಯಷ್ಟು ದೂರ.

"ಊಟ ಮುಗೀಲಿ ಅಜ್ಜಾ," ಅಂದೆ.

ನನಗೆ ಸಿಟ್ಟಿತ್ತು ಎಂದು ಹೇಳಿದರೆ ಈಗ ಹಗುರವಾಗುತ್ತದೆ. ಇರಲಿಲ್ಲ. ಸೇಡೂ ಇರಲಿಲ್ಲ. ಮೂರು ವರ್ಷ ಹೇಳಿದ ಮಾತು, ಅದೇ ದನಿಯಲ್ಲಿ ಬಂತು. ಮಾಮಾ ತಟ್ಟನೆ ಎದ್ದು ತಂಬಿಗೆಗೆ ಕೈ ಹಾಕಿದ. ಅಜ್ಜ ಎಡಗೈ ಅಡ್ಡ ಹಿಡಿದ.

"ಇರ್ಲಿ ಬಿಡ್ರಿ. ಆಕಿ ಹೇಳಿದ್ದು ಬರೋಬ್ಬರಿ ಐತಿ."

ತುತ್ತು ನುಂಗಿದ. ಮತ್ತೊಂದು ಮುರಿದ. ಆ ಒಂದು ರೊಟ್ಟಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಹೊರಗೆ ಎತ್ತು ಮೈ ಕೊಡವಿದರೆ ಕೊರಳ ಗಂಟೆಯ ಸಪ್ಪಳ. ಪ್ರತಿ ತುತ್ತಿಗೂ ಅವನ ಗಂಟಲು ಮೇಲೆ ಕೆಳಗೆ ಆಡುವುದನ್ನು ನೋಡುತ್ತ ನಾನು ನಿಂತಿದ್ದೆ. ತಾಟು ಬರಿದಾದ ಮೇಲೆ ಎಲೆ ಅಡಿಕೆಯ ಚೀಲ ಮುಟ್ಟಲಿಲ್ಲ. ನನ್ನ ಮುಖ ನೋಡಿ "ಹೂಂ" ಅಂದ.

ಹೋಗಿ ಅವನ ಬೊಗಸೆಗೆ ನೀರು ಹಾಕಿದೆ. ಕುಡಿದ. ಮತ್ತೆ ಹಾಕಿದೆ. ಕುಡಿದದ್ದಕ್ಕಿಂತ ಹೆಚ್ಚು ಮೊಣಕೈಯಿಂದ ಇಳಿದು ತಾಟಿಗೆ ಬೀಳುತ್ತಿತ್ತು. ತಂಬಿಗೆ ಖಾಲಿಯಾಯಿತು. ಅವನು ಬೊಗಸೆ ತೆಗೆಯಲಿಲ್ಲ. ನಾನೂ ತಂಬಿಗೆ ನೆಟ್ಟಗೆ ಮಾಡಲಿಲ್ಲ.